ಐಬಿಎಂ ಐ: ಎರರ್ ಮೆಸೇಜ್ ಐಡಿಯ ಅರ್ಥ ಎಲ್ಲಿ ಸಿಗುತ್ತದೆ? ಜಾಬ್‌ಲಾಗ್ ಎಲ್ಲಿಂದ ಓದಬೇಕು?

ನಡುರಾತ್ರಿ_ಬ್ಯಾಚ್ ಕೇಳಿದ್ದು:

ಐಬಿಎಂ ಐ (ಐಬಿಎಂನ ಸರ್ವರ್ ಆಪರೇಟಿಂಗ್ ಸಿಸ್ಟಮ್) 7.4 ಮೆಷಿನ್. ರಾತ್ರಿ ಓಡುವ ಬ್ಯಾಚ್ ಜಾಬ್ ಒಂದರಲ್ಲಿ ಮೇಲೆ ಸಿಎಲ್ (ಸಿಸ್ಟಮ್ ಕಮಾಂಡುಗಳ ಭಾಷೆ) ಪ್ರೋಗ್ರಾಂ, ಅದು ಕರೆಯುವುದು ಒಂದು ಆರ್‌ಪಿಜಿ (ವ್ಯವಹಾರದ ಲೆಕ್ಕಕ್ಕೆ ಬಳಸುವ ಭಾಷೆ), ಆ ಆರ್‌ಪಿಜಿ ಕರೆಯುವುದು ಇನ್ನೊಂದು ಆರ್‌ಪಿಜಿ. ಜಾಬ್ ಎಂಎಸ್‌ಜಿಡಬ್ಲ್ಯು ಆಗಿ, ಅಂದರೆ ಮೆಸೇಜಿಗೆ ಉತ್ತರ ಕಾಯುತ್ತ, ನಿಂತಿತ್ತು. ಆಪರೇಟರ್ ಬಂದ ಪ್ರಶ್ನೆಗೆಲ್ಲ ಸಿ ಎಂದು ಉತ್ತರ ಕೊಟ್ಟು ಮುಗಿಸಿದ್ದಾರೆ. ಈಗ ಕೈಯಲ್ಲಿರುವುದು ಜಾಬ್‌ಲಾಗ್ (ಆ ಜಾಬಿನ ಮೆಸೇಜುಗಳ ದಾಖಲೆ) ಮಾತ್ರ. ಕೊನೆಯಲ್ಲಿ ಕಾಣುವುದು ಇಷ್ಟು: ಆರ್‌ಎನ್‌ಕ್ಯೂ0202, ಸಿಇಇ9901, ಸಿಪಿಎಫ್9999, ಸಿಪಿಎ0702.

ಮೂರು ಪ್ರಶ್ನೆ.

ಒಂದು, ಸಿಪಿಎಫ್9999 ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಸಾವಿರ ಪುಟ ಬರುತ್ತವೆ, ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ನಿಜವಾದ ತಪ್ಪು ಯಾವ ಮೆಸೇಜಿನಲ್ಲಿರುತ್ತದೆ?

ಎರಡು, ಡಿಸ್‌ಪ್ಲೇ ಮೆಸೇಜ್ ಡಿಸ್ಕ್ರಿಪ್ಷನ್ ಕಮಾಂಡಿಗೆ ಆರ್‌ಎನ್‌ಕ್ಯೂ0202 ಕೊಟ್ಟರೆ ಆ ಐಡಿ ಮೆಸೇಜ್ ಫೈಲಿನಲ್ಲಿ ಇಲ್ಲ ಎನ್ನುತ್ತದೆ. ಕಣ್ಣೆದುರೇ ಬಂದ ಮೆಸೇಜ್ ಸಿಸ್ಟಮ್ಮಿನಲ್ಲೇ ಇಲ್ಲ ಎಂದರೆ ಹೇಗೆ?

ಮೂರು, ಇನ್ನೊಂದು ಪ್ರೋಗ್ರಾಮಿನಲ್ಲಿ ಎಸ್‌ಕ್ಯೂಎಲ್‌ಕೋಡ್ (ಡೇಟಾಬೇಸ್ ಕಮಾಂಡ್ ಏನಾಯಿತೆಂದು ಹೇಳುವ ಸಂಖ್ಯೆ) ಮೈನಸ್ 7008 ಬರುತ್ತಿದೆ. ಅದಕ್ಕೆ ಮೆಸೇಜ್ ಐಡಿಯೇ ಇಲ್ಲ. ಎಲ್ಲಿ ನೋಡಲಿ?

---

ಇಪ್ಪತ್ನಾಲ್ಕು_ಎಂಬತ್ತು ಉತ್ತರ:

ಮೊದಲೇ ಹೇಳಿಬಿಡುತ್ತೇನೆ, ಕಮಾಂಡುಗಳ ನಡುವೆ ಅಡ್ಡಗೆರೆ ಹಾಕಿರುವುದು ಓದಲು ಅನುಕೂಲ ಆಗಲಿ ಎಂದು. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಪದವಾಗಿ ಹೊಡೆಯಿರಿ.

ಎರಡನೇ ಪ್ರಶ್ನೆಯಿಂದ ಶುರು ಮಾಡೋಣ, ಅದು ಗೊತ್ತಾದರೆ ಉಳಿದದ್ದು ಸುಲಭ. ಮೆಸೇಜ್ ಐಡಿ ಯಾವಾಗಲೂ 7 ಅಕ್ಷರ. ಮೊದಲ 3 ಅದು ಯಾರ ಮನೆಯದು ಎಂದು ಹೇಳುತ್ತವೆ, ಉಳಿದ 4 ಸಂಖ್ಯೆ. ಈ ಸಂಖ್ಯೆ ಹೆಕ್ಸ್ (0ರಿಂದ 9ರ ಜೊತೆ ಎ ಇಂದ ಎಫ್ ಅಕ್ಷರವೂ ಬರುವ ಪದ್ಧತಿ) ಆದ್ದರಿಂದ ಸಿಪಿಎಫ್3ಸಿಎಫ್1, ಸಿಪಿಎಫ್24ಬಿ4 ಥರದವೂ ಇವೆ. ಸೊನ್ನೆಯನ್ನು ಓ ಎಂದೋ, 8 ಅನ್ನು ಬಿ ಎಂದೋ ಓದಿಕೊಂಡು ಹುಡುಕಿದರೆ ಏನೂ ಸಿಗುವುದಿಲ್ಲ.

ಒಂದೊಂದು ಮನೆಯ ಮೆಸೇಜುಗಳಿಗೆ ಒಂದೊಂದು ಮೆಸೇಜ್ ಫೈಲ್. ನೀವು ಕೊಟ್ಟ ಡಿಸ್‌ಪ್ಲೇ ಮೆಸೇಜ್ ಡಿಸ್ಕ್ರಿಪ್ಷನ್, ಅಂದರೆ ಡಿಎಸ್‌ಪಿ-ಎಂಎಸ್‌ಜಿ-ಡಿ ಕಮಾಂಡಿಗೆ ಫೈಲ್ ಹೆಸರು ಕೊಡದಿದ್ದರೆ ಅದು ಕ್ಯೂಸಿಪಿಎಫ್‌ಎಂಎಸ್‌ಜಿ ಒಂದನ್ನೇ ನೋಡುತ್ತದೆ. ನಿಮಗೆ ಬಂದ "ಇಲ್ಲ" ಎಂಬುದರ ಅರ್ಥ "ಈ ಫೈಲಿನಲ್ಲಿ ಇಲ್ಲ" ಎಂದಷ್ಟೆ. ಆ ದೂರಿಗೂ ಒಂದು ಐಡಿ ಇದೆ, ಸಿಪಿಎಫ್2419.

ಕ್ಯೂಸಿಪಿಎಫ್‌ಎಂಎಸ್‌ಜಿ ಒಳಗಿರುವುದು ಆಪರೇಟಿಂಗ್ ಸಿಸ್ಟಮ್ಮಿನ ಮೆಸೇಜುಗಳು. ಸಿಪಿಎಫ್ ಸಾಮಾನ್ಯ ತಪ್ಪು, ಸಿಪಿಎ ಉತ್ತರ ಬೇಡುವ ಪ್ರಶ್ನೆ, ಸಿಪಿಸಿ ಕೆಲಸ ಮುಗಿಯಿತೆಂಬ ಸೂಚನೆ, ಸಿಪಿಡಿ ರೋಗಲಕ್ಷಣ ಹೇಳುವ ಡಯಾಗ್ನೋಸ್ಟಿಕ್, ಸಿಪಿಐ ಮಾಹಿತಿ. ಎಂಸಿಎಚ್ ಕೂಡ ಇಲ್ಲೇ ಇದೆ, ಅದು ಮೆಷಿನ್ ಮಟ್ಟದ ತಪ್ಪು. (ಸಿಪಿಎಫ್ ಎಂದರೆ ಕಂಟ್ರೋಲ್ ಪ್ರೋಗ್ರಾಂ ಫೆಸಿಲಿಟಿ. 1978ರಲ್ಲಿ ಪ್ರಕಟವಾದ ಸಿಸ್ಟಮ್/38ರ ಆಪರೇಟಿಂಗ್ ಸಿಸ್ಟಮ್ಮಿನ ಹೆಸರು ಅದು. 1988ರಲ್ಲಿ ಎಎಸ್/400 ಬಂತು, ಆಮೇಲೆ ಐಸೀರೀಸ್, ಸಿಸ್ಟಮ್ ಐ, ಐಬಿಎಂ ಐ ಎಂದು ಹೆಸರು ಬದಲಾಗುತ್ತಲೇ ಹೋಯಿತು. ಮೆಸೇಜಿನ ಹಣೆಯ ಮೇಲಿನ ಸಿಪಿಎಫ್ ಮಾತ್ರ ಅಳಿಸಲಿಲ್ಲ.)

ಐಎಲ್‌ಇ ಆರ್‌ಪಿಜಿ (ಆರ್‌ಪಿಜಿಯ ಈಗಿನ ರೂಪ) ಓಡುವಾಗ ಕೊಡುವ ಆರ್‌ಎನ್‌ಎಕ್ಸ್, ಆರ್‌ಎನ್‌ಕ್ಯೂ ಎರಡೂ ಇರುವುದು ಕ್ಯೂಸಿಸ್ ಲೈಬ್ರರಿಯ ಕ್ಯೂಆರ್‌ಎನ್‌ಎಕ್ಸ್‌ಎಂಎಸ್‌ಜಿ ಎಂಬ ಫೈಲಿನಲ್ಲಿ. ಹಾಗಾಗಿ ಹೀಗೆ ಕೊಡಿ:

ಡಿಎಸ್‌ಪಿ-ಎಂಎಸ್‌ಜಿ-ಡಿ ರೇಂಜ್(ಆರ್‌ಎನ್‌ಕ್ಯೂ0202) ಎಂಎಸ್‌ಜಿಎಫ್(ಕ್ಯೂಆರ್‌ಎನ್‌ಎಕ್ಸ್‌ಎಂಎಸ್‌ಜಿ)

ಬರುವ ಮೆನುವಿನಲ್ಲಿ 30 ಒತ್ತಿದರೆ ಎಲ್ಲ ವಿವರ ಒಟ್ಟಿಗೆ ಬರುತ್ತದೆ. ಎಕ್ಸ್ ಇರುವುದು ಎಕ್ಸೆಪ್ಷನ್, ಕ್ಯೂ ಇರುವುದು ಅದೇ ತಪ್ಪಿನ ಪ್ರಶ್ನೆರೂಪ. ಸಂಖ್ಯೆ ಎರಡಕ್ಕೂ ಒಂದೇ. ಪ್ರೋಗ್ರಾಂ ಒಳಗೆ ಸಿಗುವ ಸ್ಟೇಟಸ್ ಕೋಡ್ ಕೂಡ ಅದೇ ಸಂಖ್ಯೆ: ಸ್ಟೇಟಸ್ 907 ಎಂದರೆ ಆರ್‌ಎನ್‌ಎಕ್ಸ್0907, 1218 ಎಂದರೆ ಆರ್‌ಎನ್‌ಎಕ್ಸ್1218. ಬೇರೆ ಪಟ್ಟಿ ಹುಡುಕಿಕೊಂಡು ಹೋಗಬೇಕಿಲ್ಲ. ಕಂಪೈಲ್ ಲಿಸ್ಟಿಂಗಿನಲ್ಲಿ ಬರುವ ಆರ್‌ಎನ್‌ಎಫ್ ಮೆಸೇಜುಗಳು ಮಾತ್ರ ಬೇರೆ ಕಡೆ, ಕ್ಯೂಡೆವ್‌ಟೂಲ್ಸ್ ಲೈಬ್ರರಿಯ ಕ್ಯೂಆರ್‌ಪಿಜಿಎಲ್‌ಇಎಂಎಸ್‌ಜಿಯಲ್ಲಿವೆ.

ಮೂರನೆಯದಕ್ಕೆ: ಎಸ್‌ಕ್ಯೂಎಲ್‌ಕೋಡಿಗೆ ಐಡಿ ಇಲ್ಲ ಎಂದಿರಿ, ಇದೆ. ಚಿಹ್ನೆ ಬಿಟ್ಟುಬಿಡಿ, ಸಂಖ್ಯೆಯನ್ನು 4 ಅಂಕಿ ಮಾಡಿ, ಮುಂದೆ ಎಸ್‌ಕ್ಯೂಎಲ್ ಸೇರಿಸಿ. ಮೈನಸ್ 204 ಆದರೆ ಎಸ್‌ಕ್ಯೂಎಲ್0204, ಪ್ಲಸ್ 100 ಆದರೆ ಎಸ್‌ಕ್ಯೂಎಲ್0100. ಕೋಡ್ 5 ಅಂಕಿಯದಾದರೆ ಎಲ್ ಬೀಳುತ್ತದೆ: ಮೈನಸ್ 30080 ಎಂಬುದು ಎಸ್‌ಕ್ಯೂ30080, ಹೇಗೂ 7 ಅಕ್ಷರ ದಾಟಬಾರದಲ್ಲ. ಫೈಲ್ ಕ್ಯೂಎಸ್‌ಕ್ಯೂಎಲ್‌ಎಂಎಸ್‌ಜಿ.

ನಿಮ್ಮ 7008ಕ್ಕೆ ಎರಡನೇ ಹಂತದ ವಿವರಣೆ ತೆರೆದರೆ ರೀಸನ್ ಕೋಡುಗಳ ಪಟ್ಟಿ ಇದೆ. ಬಹುಪಾಲು ಸಲ ಬರುವುದು 3, ಅಂದರೆ ಫೈಲಿಗೆ ಜರ್ನಲ್ (ಬದಲಾವಣೆಗಳ ದಾಖಲೆ) ಹಾಕಿಲ್ಲ, ಆದರೆ ಪ್ರೋಗ್ರಾಂ ಕಮಿಟ್‌ಮೆಂಟ್ ಕಂಟ್ರೋಲಿನಲ್ಲಿ, ಅಂದರೆ ಬೇಕಾದರೆ ಬದಲಾವಣೆ ಹಿಂದಕ್ಕೆ ತೆಗೆಯುವ ರೀತಿಯಲ್ಲಿ, ಬರೆಯಲು ಹೊರಟಿದೆ. ಪರಿಹಾರ ಎರಡು: ಎಸ್‌ಟಿಆರ್-ಜೆಆರ್‌ಎನ್-ಪಿಎಫ್ ಕೊಟ್ಟು ಜರ್ನಲ್ ಶುರು ಮಾಡಿ, ಇಲ್ಲವೇ ಕಂಪೈಲ್ ಮಾಡುವಾಗ ಕಮಿಟ್(*ನನ್) ಕೊಡಿ. ರೋಲ್‌ಬ್ಯಾಕ್ ನಿಜವಾಗಿಯೂ ಬೇಕಾದ ಕಡೆ ಎರಡನೆಯದನ್ನು ಹಾಕಿ ಕೈ ತೊಳೆದುಕೊಳ್ಳಬೇಡಿ.

---

ಸ್ಪೂಲ್_ಫೈಲ್ ಉತ್ತರ:

ಮೊದಲ ಪ್ರಶ್ನೆಗೆ ನಾನು ಹೇಳುತ್ತೇನೆ, ಇದರಲ್ಲೇ ಜನ ದಿನಗಟ್ಟಲೆ ಕಳೆಯುವುದು.

ಸಿಪಿಎಫ್9999 ತಪ್ಪಲ್ಲ. ಅದು ಡಂಗುರ ಸಾರುವವನು. "ಇಂಥ ಪ್ರೋಗ್ರಾಮಿಗೆ ಇಂಥ ಮೆಸೇಜ್ ಬಂತು, ಅದನ್ನು ಯಾರೂ ಹಿಡಿದುಕೊಳ್ಳಲಿಲ್ಲ" ಎಂದು ಹೇಳುವುದಷ್ಟೇ ಅದರ ಕೆಲಸ, ಹೆಸರು ಫಂಕ್ಷನ್ ಚೆಕ್. ಸಿಇಇ9901 ಅದೇ ಸುದ್ದಿಯನ್ನು ಕರೆದವರ ಮನೆಗೆ ಮುಟ್ಟಿಸುತ್ತದೆ. ಆರ್‌ಎನ್‌ಕ್ಯೂ0202 ಎಂದರೆ "ನಾನು ಕರೆದ ಪ್ರೋಗ್ರಾಂ ಕೆಟ್ಟಿತು", ಏಕೆ ಕೆಟ್ಟಿತು ಎಂಬುದು ಅದಕ್ಕೂ ಗೊತ್ತಿಲ್ಲ. ಸಿಪಿಎ0702 ಸಿಎಲ್ ಪ್ರೊಸೀಜರ್ ಕೇಳುವ ಪ್ರಶ್ನೆ. ನೀವು ಬರೆದ ನಾಲ್ಕೂ ಹೊಗೆ, ಒಂದೂ ಬೆಂಕಿಯಲ್ಲ. ಬೆಂಕಿ ಮೇಲಿದೆ.

ಓದುವ ಕ್ರಮ ಹೀಗೆ. ಜಾಬ್‌ಲಾಗಿನ ಕೊನೆಗೆ ಹೋಗಿ ಅಲ್ಲಿಂದ ಮೇಲಕ್ಕೆ ಬನ್ನಿ. ಪ್ರತಿ ಸಿಪಿಎಫ್9999ರ ಮಾತಿನೊಳಗೇ ಯಾವ ಐಡಿಯನ್ನು ಹಿಡಿಯಲಿಲ್ಲ ಎಂದು ಬರೆದಿರುತ್ತದೆ. ಅದು ಸಿಇಇ9901 ಎಂದಿದ್ದರೆ ಇನ್ನೂ ಮೇಲೆ ಹೋಗಿ. ಹೀಗೆ ಹೋಗುತ್ತ, ಎಲ್ಲಕ್ಕಿಂತ ಮೇಲಿನ ಸಿಪಿಎಫ್9999ಕ್ಕೆ ಸ್ವಲ್ಪ ಮುಂಚೆ ಬಂದ ಎಸ್ಕೇಪ್ ಮೆಸೇಜ್ (ಕೆಲಸ ಮುಂದುವರಿಯದು ಎಂದು ಕರೆದವರಿಗೆ ಹೋಗುವ ತಪ್ಪು) ನಿಮಗೆ ಬೇಕಾದದ್ದು. ಆರ್‌ಪಿಜಿ ಆದರೆ ಬಹಳ ಸಲ ಅದು ಎಂಸಿಎಚ್ ಆಗಿರುತ್ತದೆ: ಎಂಸಿಎಚ್1202 ಡೆಸಿಮಲ್ ಡೇಟಾ, ಎಂಸಿಎಚ್1211 ಸೊನ್ನೆಯಿಂದ ಭಾಗಿಸಿದ್ದು, ಎಂಸಿಎಚ್3601 ಪಾಯಿಂಟರಿನಲ್ಲಿ ವಿಳಾಸವೇ ಇಲ್ಲದ್ದು.

ಅದನ್ನೂ ದಾಟಿ ಒಂದೆರಡು ಸಾಲು ಮೇಲೆ ಕಣ್ಣಾಡಿಸಿ. ಕೆಲವು ಎಸ್ಕೇಪ್ ಮೆಸೇಜುಗಳು ಬರೀ "ತಪ್ಪಾಯಿತು, ನಿಲ್ಲಿಸಿದೆ" ಎನ್ನುತ್ತವೆ. ಸಿಪಿಎಫ್0001 ಹಾಗೆ, ಕಾಪಿ ಕಮಾಂಡಿನ ಸಿಪಿಎಫ್2817 ಹಾಗೆ. ಕಾರಣ ಅದಕ್ಕೂ ಮೊದಲು ಡಯಾಗ್ನೋಸ್ಟಿಕ್ ಆಗಿ ಬಂದು ಕೂತಿರುತ್ತದೆ. ಡಯಾಗ್ನೋಸ್ಟಿಕ್ಕನ್ನು ಮಾನ್-ಎಂಎಸ್‌ಜಿ (ಸಿಎಲ್‌ನಲ್ಲಿ ತಪ್ಪು ಹಿಡಿಯುವ ಕಮಾಂಡ್) ಹಿಡಿಯುವುದಿಲ್ಲ. ಅದು ಹಿಡಿಯುವುದು ಎಸ್ಕೇಪ್, ಸ್ಟೇಟಸ್, ನೋಟಿಫೈ ಮೂರನ್ನೇ.

ಪರದೆಯಲ್ಲಿ ನೋಡುವುದಾದರೆ ಡಿಎಸ್‌ಪಿ-ಜಾಬ್‌ಲಾಗ್ ಕೊಟ್ಟು ಎಫ್10 ಒತ್ತಿ, ಇಲ್ಲದಿದ್ದರೆ ಅರ್ಧ ಮೆಸೇಜ್ ಕಾಣುವುದೇ ಇಲ್ಲ. ಎಫ್18 ಕೊನೆಗೆ ಒಯ್ಯುತ್ತದೆ. ಮೆಸೇಜಿನ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿದರೆ ಕಾರಣ, ಪರಿಹಾರ ಎರಡೂ ಬರುತ್ತವೆ. ಅಲ್ಲೇ ಎಫ್9 ಒತ್ತಿದರೆ ಯಾವ ಪ್ರೋಗ್ರಾಂ, ಯಾವ ಮಾಡ್ಯೂಲ್, ಯಾವ ಸ್ಟೇಟ್‌ಮೆಂಟಿನಿಂದ ಎಲ್ಲಿಗೆ ಹೋಯಿತು ಎಂಬ ವಿವರ. ಈ ಎಫ್9 ಒತ್ತದೇ "ಸಾಲು ಗೊತ್ತಾಗುತ್ತಿಲ್ಲ" ಎನ್ನುವವರೇ ಹೆಚ್ಚು.

ಸ್ಟೇಟ್‌ಮೆಂಟ್ ಸಂಖ್ಯೆಗೂ ಸೋರ್ಸಿನ ಸಾಲಿಗೂ ತಾಳೆಯಾಗದಿದ್ದರೆ ಪ್ರೋಗ್ರಾಮನ್ನು ಆಪ್ಷನ್(*ಎಸ್‌ಆರ್‌ಸಿಎಸ್‌ಟಿಎಂಟಿ) ಇಲ್ಲದೆ ಕಂಪೈಲ್ ಮಾಡಿದ್ದಾರೆ ಎಂದರ್ಥ. ಆಗ ಆ ಸಂಖ್ಯೆ ಕಂಪೈಲ್ ಲಿಸ್ಟಿಂಗಿನದು, ಸೋರ್ಸ್ ಮೆಂಬರಿನದಲ್ಲ. ಎಚ್-ಸ್ಪೆಕ್ಕಿನಲ್ಲಿ (ಸೋರ್ಸಿನ ತಲೆಯಲ್ಲಿರುವ ಕಂಟ್ರೋಲ್ ಸಾಲು) *ಎಸ್‌ಆರ್‌ಸಿಎಸ್‌ಟಿಎಂಟಿ ಜೊತೆ *ನೋಡಿಬಗ್‌ಐಒ ಸಹ ಹಾಕಿ ಮತ್ತೆ ಕಂಪೈಲ್ ಮಾಡಿಟ್ಟುಕೊಳ್ಳಿ.

---

ನಡುರಾತ್ರಿ_ಬ್ಯಾಚ್:

ಧನ್ಯವಾದ ಸರ್, ಇಬ್ಬರಿಗೂ. ಮೇಲಕ್ಕೆ ಹೋದೆ. ಎಲ್ಲಕ್ಕಿಂತ ಮೇಲೆ ಎಂಸಿಎಚ್1202, ಅದರ ಕೆಳಗೆ ಸಿಪಿಎಫ್9999, ಅದರ ಕೆಳಗೆ ಆರ್‌ಎನ್‌ಕ್ಯೂ0907, ಉತ್ತರ ಸಿ. ಆಮೇಲಷ್ಟೇ ಆರ್‌ಎನ್‌ಕ್ಯೂ0202 ಬಂದಿದೆ. ಒಳಗಿನ ಆರ್‌ಪಿಜಿಯಲ್ಲಿ ಒಂದು ಮೊತ್ತ ಕೂಡಿಸುವ ಸಾಲು. ಆ ಫೀಲ್ಡ್ ಪ್ಯಾಕ್ಡ್ 7,2 (ಒಂದು ಬೈಟಿಗೆ ಎರಡು ಅಂಕಿಯಂತೆ ಇಡುವ ಸಂಖ್ಯೆ, ಒಟ್ಟು 7 ಅಂಕಿ, ಅದರಲ್ಲಿ 2 ದಶಮಾಂಶ). ಫೈಲಿನಲ್ಲಿ ಸುಮಾರು 4 ಲಕ್ಷ ರೆಕಾರ್ಡ್ ಇವೆ. ಕೆಟ್ಟದ್ದು ಯಾವುದು ಎಂದು ಹೇಗೆ ಹಿಡಿಯುವುದು? ಮತ್ತೆ, ಆಪರೇಟರ್ ಸಿ ಬದಲು ಜಿ ಕೊಟ್ಟಿದ್ದರೆ ಆ ಒಂದು ರೆಕಾರ್ಡ್ ಬಿಟ್ಟು ಮುಂದೆ ಹೋಗುತ್ತಿತ್ತಾ?

---

ಲೆವೆಲ್_ಚೆಕ್ ಉತ್ತರ:

ಜಿ ಬಗ್ಗೆ ಮೊದಲು, ಏಕೆಂದರೆ ಇದು ಅಪಾಯದ ವಿಷಯ. ಸಿ ಎಂದರೆ ರದ್ದು, ಡಿ ಎಂದರೆ ಡಂಪ್ ತೆಗೆದು ರದ್ದು, ಎಫ್ ಎಂದರೆ ಇನ್ನೂ ಉದ್ದದ ಡಂಪ್ ತೆಗೆದು ರದ್ದು. ಜಿ ಎಂದರೆ "ಮುಂದುವರಿ" ಅಲ್ಲ, *ಗೆಟ್‌ಇನ್‌ಗೆ (ಆರ್‌ಪಿಜಿ ಸೈಕಲ್ಲಿನಲ್ಲಿ ಮುಂದಿನ ಇನ್‌ಪುಟ್ ಓದುವ ಹಂತ) ಹೋಗು ಎಂದು. ಹಳೆಯ ಸೈಕಲ್ ಪದ್ಧತಿಯಲ್ಲಿ ಪ್ರೈಮರಿ ಫೈಲ್ ಓದುವ ಪ್ರೋಗ್ರಾಮಿನಲ್ಲಿ ಅದು ನಿಜಕ್ಕೂ ಮುಂದಿನ ರೆಕಾರ್ಡಿಗೆ ಹೋಗುತ್ತದೆ. ಆದರೆ ನೀವೇ ರೀಡ್ ಹಾಕಿ ಲೂಪ್ ಬರೆದ ಪ್ರೋಗ್ರಾಮಿನಲ್ಲಿ ಕ್ಯಾಲ್ಕುಲೇಷನ್ನಿನ ತಲೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಫೈಲಿನ ಮೊದಲಿಗೆ ಒಯ್ಯುವ ಸೆಟ್‌ಎಲ್‌ಎಲ್ (ಓದುವ ಜಾಗ ಹೊಂದಿಸುವ ಆಜ್ಞೆ) ಇದ್ದರೆ ಮುಗಿದ ರೆಕಾರ್ಡುಗಳೆಲ್ಲ ಎರಡನೇ ಸಲ ಪೋಸ್ಟ್ ಆಗುತ್ತವೆ. ಸಿ ಕೊಟ್ಟಿದ್ದು ಒಳ್ಳೆಯದೇ ಆಯಿತು, ಡಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದಿತ್ತು.

ಸಿಎಲ್ ಕೇಳುವ ಸಿಪಿಎ0702ರ ಸಿ, ಡಿ, ಐ, ಆರ್ ಬೇರೆ. ಅಲ್ಲಿ ಐ ಎಂದರೆ ಕೆಟ್ಟ ಕಮಾಂಡನ್ನು ಬಿಟ್ಟು ಮುಂದಿನದಕ್ಕೆ ಹೋಗು, ಆರ್ ಎಂದರೆ ಅದೇ ಕಮಾಂಡನ್ನು ಮತ್ತೆ ಪ್ರಯತ್ನಿಸು. ಮುಂದಿನ ಕಮಾಂಡ್ ಫೈಲ್ ಕ್ಲಿಯರ್ ಮಾಡುವುದಾಗಿದ್ದರೆ ಐ ಒತ್ತಿದ ಪರಿಣಾಮ ಊಹಿಸಿಕೊಳ್ಳಿ.

ಮುಂದಿನ ಸಲ ಜಾಬ್ ಎಂಎಸ್‌ಜಿಡಬ್ಲ್ಯುನಲ್ಲಿ ನಿಂತಾಗ, ಉತ್ತರ ಕೊಡುವ ಮುಂಚೆ ಮೂರು ವಿಷಯ ತೆಗೆದುಕೊಳ್ಳಲು ಆಪರೇಟರಿಗೆ ಬರೆದುಕೊಡಿ. ಡಬ್ಲ್ಯುಆರ್‌ಕೆ-ಆಕ್ಟ್‌ಜಾಬ್ ಪರದೆಯಲ್ಲಿ ಆ ಜಾಬಿನ ಮುಂದೆ 7 ಹಾಕಿದರೆ ಪ್ರಶ್ನೆ ಕಾಣುತ್ತದೆ, ಅದಕ್ಕೆ ಉತ್ತರ ಬೇಡ, ಎಫ್12 ಒತ್ತಿ ಹಿಂದೆ ಬನ್ನಿ. 5 ಹಾಕಿ ಜಾಬ್ ಮೆನುವಿಗೆ ಹೋಗಿ. ಅಲ್ಲಿ 10 ಜಾಬ್‌ಲಾಗ್, 11 ಕಾಲ್ ಸ್ಟ್ಯಾಕ್, 14 ತೆರೆದ ಫೈಲುಗಳು. 14ರಲ್ಲಿ ಎಫ್11 ಒತ್ತಿದರೆ ಪ್ರತಿ ಫೈಲಿನ ಐ/ಒ ಎಣಿಕೆ (ಎಷ್ಟು ಸಲ ಓದಿತು, ಬರೆಯಿತು), ರೆಲೆಟಿವ್ ರೆಕಾರ್ಡ್ ನಂಬರ್ (ಫೈಲಿನಲ್ಲಿ ರೆಕಾರ್ಡಿನ ಕ್ರಮಸಂಖ್ಯೆ) ಸಿಗುತ್ತವೆ. ಸಿ ಒತ್ತಿದ ಕ್ಷಣ ಫೈಲುಗಳು ಮುಚ್ಚುತ್ತವೆ, ಸ್ಟ್ಯಾಕ್ ಹೋಗುತ್ತದೆ, ಆಮೇಲೆ ಯಾವ ದೇವರಿಗೆ ಹರಕೆ ಹೊತ್ತರೂ ಅದು ವಾಪಸ್ ಬರುವುದಿಲ್ಲ.

ಒಂದು ಎಚ್ಚರ: ಫೈಲನ್ನು ಬರೀ ಓದುತ್ತಿದ್ದರೆ ಸಿಸ್ಟಮ್ ರೆಕಾರ್ಡುಗಳನ್ನು ಬ್ಲಾಕ್ ಬ್ಲಾಕಾಗಿ ಎತ್ತಿಕೊಂಡು ಬರುತ್ತದೆ. ಆಗ 14ರಲ್ಲಿ ಕಾಣುವ ನಂಬರ್ ನಿಮ್ಮ ಪ್ರೋಗ್ರಾಂ ಕೈಯಲ್ಲಿರುವ ರೆಕಾರ್ಡಿನದೇ ಆಗಿರಬೇಕೆಂದಿಲ್ಲ, ಒಂದು ಬ್ಲಾಕಿನಷ್ಟು ಆಚೀಚೆ ಇರಬಹುದು. ಡಿ ಕೊಟ್ಟಾಗ ಬರುವ ಕ್ಯೂಪಿಪಿಜಿಎಂಡಿಎಂಪಿ ಎಂಬ ಸ್ಪೂಲ್ ಫೈಲನ್ನು ಹೆಚ್ಚು ನಂಬಿ. ಅದರಲ್ಲಿ ಪ್ರತಿ ಫೀಲ್ಡಿನ ಬೆಲೆ ಇರುತ್ತದೆ, ಕೀ ಫೀಲ್ಡ್ ನೋಡಿದರೆ ರೆಕಾರ್ಡ್ ತಾನೇ ಗೊತ್ತಾಗುತ್ತದೆ.

ಈಗ ನಿಮಗೆ ಡಂಪ್ ಇಲ್ಲ. ಇರಲಿ. ಪ್ಯಾಕ್ಡ್ 7,2 ಎಂದರೆ 4 ಬೈಟ್, ಹೆಕ್ಸಿನಲ್ಲಿ 8 ಅಕ್ಷರ. 12345.67 ಇದ್ದರೆ 1234567ಎಫ್ ಎಂದು ಕೂತಿರುತ್ತದೆ. ಕೊನೆಯ ಅರ್ಧ ಬೈಟ್ ಚಿಹ್ನೆಯದು, ಅದು ಎ ಇಂದ ಎಫ್‌ವರೆಗಿನ ಅಕ್ಷರ ಆಗಿರಲೇಬೇಕು. ಸಾಧಾರಣವಾಗಿ ಎಫ್ ಧನ, ಡಿ ಋಣ. ಅಲ್ಲಿ ಖಾಲಿಜಾಗ ತುಂಬಿದ್ದರೆ ಎಬ್ಸಿಡಿಕ್‌ನಲ್ಲಿ (ಈ ಮೆಷಿನ್ ಅಕ್ಷರಗಳಿಗೆ ಬಳಸುವ ಸಂಕೇತ ಪದ್ಧತಿ) ಖಾಲಿಜಾಗ ಹೆಕ್ಸ್ 40 ಆದ್ದರಿಂದ 40404040 ಇರುತ್ತದೆ. ಚಿಹ್ನೆಯ ಜಾಗದಲ್ಲಿ 0. ಮೆಷಿನ್ ಕೂಡಿಸಲು ಹೋದಾಗ ಎಂಸಿಎಚ್1202.

ಹಾಗಾಗಿ ಎಸ್‌ಕ್ಯೂಎಲ್‌ನಲ್ಲಿ ಆ ಫೀಲ್ಡನ್ನು ಹೆಕ್ಸ್ ಫಂಕ್ಷನ್ ಮೂಲಕ ನೋಡಿ. ವೇರ್ ಷರತ್ತಿನಲ್ಲಿ ಹೆಕ್ಸಿನ ಬಲತುದಿಯ ಒಂದು ಅಕ್ಷರ ಎ, ಬಿ, ಸಿ, ಡಿ, ಇ, ಎಫ್ ಪೈಕಿ ಇಲ್ಲದ ರೆಕಾರ್ಡುಗಳನ್ನು ಕೇಳಿ, ಸೆಲೆಕ್ಟಿನಲ್ಲಿ ಆರ್‌ಆರ್‌ಎನ್ ಫಂಕ್ಷನ್ ಹಾಕಿ ರೆಕಾರ್ಡ್ ನಂಬರ್ ತೆಗೆಯಿರಿ. 4 ಲಕ್ಷ ರೆಕಾರ್ಡ್ ಏನೂ ಹೆಚ್ಚಲ್ಲ. ಫೀಲ್ಡನ್ನು ಹೆಕ್ಸ್ ಇಲ್ಲದೆ ನೇರವಾಗಿ ವೇರ್‌ನಲ್ಲಿ ಹೋಲಿಸಬೇಡಿ, ನಿಮ್ಮ ಕ್ವೆರಿಯೂ ಅದೇ ಗುಂಡಿಗೆ ಬೀಳುತ್ತದೆ. ಎಸ್‌ಟಿಆರ್-ಎಸ್‌ಕ್ಯೂಎಲ್ ಪರದೆಯಲ್ಲಿ ಬೆಲೆಯ ಜಾಗದಲ್ಲಿ ಪ್ಲಸ್ ಚಿಹ್ನೆಗಳ ಸಾಲು ಕಂಡರೆ ಅದು ಇದೇ ರೋಗ.

ಒಂದೆರಡೇ ರೆಕಾರ್ಡ್ ಆದರೆ ಡಿಎಸ್‌ಪಿ-ಪಿಎಫ್‌ಎಂ ಕೊಟ್ಟು ರೆಕಾರ್ಡ್ ನಂಬರಿಗೆ ಹೋಗಿ, ಎಫ್10 ಒತ್ತಿದರೆ ಹೆಕ್ಸ್ ಕಾಣುತ್ತದೆ.

---

ಕ್ಯೂಟೆಂಪ್ ಉತ್ತರ:

ಮೇಲಿನವರು ಕೊಟ್ಟ ಫೈಲ್ ಪಟ್ಟಿಗೆ ಒಂದಿಷ್ಟು ಸೇರಿಸುತ್ತೇನೆ.

ಸಿಪಿಇ ಎಂಬ ಇನ್ನೊಂದು ಗುಂಪು ಇದೆ. ಐಎಫ್‌ಎಸ್ (ಡೈರೆಕ್ಟರಿಗಳಿರುವ ಫೈಲ್ ವ್ಯವಸ್ಥೆ) ಫೈಲ್, ಸಾಕೆಟ್ ಥರದ ಯುನಿಕ್ಸ್ ರೀತಿಯ ಫಂಕ್ಷನ್‌ಗಳನ್ನು ಆರ್‌ಪಿಜಿಯಿಂದ ಕರೆದಾಗ ಅವು ಮೆಸೇಜ್ ಕೊಡುವುದಿಲ್ಲ, ಮೈನಸ್ 1 ಕೊಟ್ಟು ಎರ್‌ನೋದಲ್ಲಿ (ತಪ್ಪಿನ ಸಂಖ್ಯೆ ಇಡುವ ವೇರಿಯಬಲ್) ಸಂಖ್ಯೆ ಇಡುತ್ತವೆ. ಎರ್‌ನೋ 3025 ಬಂದರೆ ಸಿಪಿಇ3025 ನೋಡಿ, ಆ ದಾರಿಯಲ್ಲಿ ಫೈಲೋ ಡೈರೆಕ್ಟರಿಯೋ ಇಲ್ಲ. 3401 ಬಂದರೆ ಸಿಪಿಇ3401, ಅನುಮತಿ ಇಲ್ಲ. ಇವು ಕ್ಯೂಸಿಪಿಎಫ್‌ಎಂಎಸ್‌ಜಿ ಒಳಗೇ ಇವೆ.

ಐಡಿ ಇಲ್ಲ, ಮಾತು ಮಾತ್ರ ಇದೆ ಎನ್ನುವ ಸಂದರ್ಭವೂ ಬರುತ್ತದೆ: ಬಳಕೆದಾರರು ಪರದೆಯ ಕೊನೆಯ ಸಾಲಿನ ಫೋಟೋ ಕಳಿಸುತ್ತಾರೆ, ಐಡಿ ಕಾಣುವುದಿಲ್ಲ. ಆಗ ಕ್ಯೂಸಿಸ್2 ಸ್ಕೀಮಾದ ಮೆಸೇಜ್_ಫೈಲ್_ಡೇಟಾ ಎಂಬ ವ್ಯೂ ಮೇಲೆ ಎಸ್‌ಕ್ಯೂಎಲ್ ಓಡಿಸಿ, ಮೆಸೇಜ್_ಟೆಕ್ಸ್ಟ್ ಕಾಲಮ್ಮಿಗೆ ಲೈಕ್ ಹಾಕಿ. ಹುಡುಕುವ ಮಾತಿನಲ್ಲಿ ಫೈಲ್ ಹೆಸರು, ಲೈಬ್ರರಿ ಹೆಸರು ಇರಬಾರದು. ಮೆಸೇಜ್ ಫೈಲಿನಲ್ಲಿ ಅವುಗಳ ಜಾಗದಲ್ಲಿ ಆಂಪರ್‌ಸಂಡ್ 1, ಆಂಪರ್‌ಸಂಡ್ 2 ಎಂಬ ಖಾಲಿ ಗೂಡುಗಳಿರುತ್ತವೆ. ಸಿಪಿಎಫ್9801 ತೆರೆದು ನೋಡಿ, "ಆಬ್ಜೆಕ್ಟ್ ಆಂಪರ್‌ಸಂಡ್ 2, ಲೈಬ್ರರಿ ಆಂಪರ್‌ಸಂಡ್ 3ರಲ್ಲಿ ಸಿಗಲಿಲ್ಲ" ಎಂಬರ್ಥದ ಮಾತಿದೆ. ಹೆಸರಿಲ್ಲದ ಎರಡು ಮೂರು ಪದ ಆರಿಸಿ, ದೊಡ್ಡಕ್ಷರ ಚಿಕ್ಕಕ್ಷರದ ಗೊಂದಲ ತಪ್ಪಿಸಲು ಅಪ್ಪರ್ ಫಂಕ್ಷನ್ ಬಳಸಿ, ಮೆಸೇಜ್_ಫೈಲ್_ಲೈಬ್ರರಿಗೂ ಷರತ್ತು ಹಾಕಿ. ಇಲ್ಲದಿದ್ದರೆ ಸಿಸ್ಟಮ್ಮಿನ ಎಲ್ಲ ಮೆಸೇಜ್ ಫೈಲುಗಳನ್ನೂ ತೆರೆಯುತ್ತ ಕೂರುತ್ತದೆ.

ಓಆರ್‌ಡಿ, ಐಎನ್‌ವಿ ಥರ ಯಾವ ಐಬಿಎಂ ಪುಸ್ತಕದಲ್ಲೂ ಇಲ್ಲದ ಪ್ರಿಫಿಕ್ಸ್ ಕಂಡರೆ ಅದು ನಿಮ್ಮ ಅಪ್ಲಿಕೇಷನ್ನಿನದೇ ಮೆಸೇಜ್ ಫೈಲ್. ಡಬ್ಲ್ಯುಆರ್‌ಕೆ-ಒಬಿಜೆಗೆ ಟೈಪ್ *ಎಂಎಸ್‌ಜಿಎಫ್ ಕೊಟ್ಟು ಅಪ್ಲಿಕೇಷನ್ ಲೈಬ್ರರಿಗಳಲ್ಲಿ ಹುಡುಕಿ. ಸಿಪಿಎಫ್9898 ಬಂದರೆ ಮೆಸೇಜ್ ಫೈಲ್ ನೋಡಿ ಫಲವಿಲ್ಲ. ಅದರೊಳಗೆ ಇರುವುದು ಒಂದೇ ಗೂಡು, ಪ್ರೋಗ್ರಾಂ ಬರೆದವರು ಏನು ತುಂಬಿದರೋ ಅದೇ ಮೆಸೇಜ್. ಕಳಿಸಿದ ಪ್ರೋಗ್ರಾಮಿನ ಸೋರ್ಸ್ ತೆರೆಯುವುದೇ ದಾರಿ.

ಸಿಎಲ್‌ನಲ್ಲಿ ಮಾನ್-ಎಂಎಸ್‌ಜಿ ಸಿಪಿಎಫ್0000 ಹಾಕಿ "ಎಲ್ಲ ಹಿಡಿದೆ" ಎಂದುಕೊಂಡವರಿಗೆ: ಅದು ಸಿಪಿಎಫ್ ಮಾತ್ರ ಹಿಡಿಯುತ್ತದೆ. ಎಂಸಿಎಚ್, ಸಿಇಇ, ಆರ್‌ಎನ್‌ಎಕ್ಸ್ ಐಡಿಗಳು ಅದಕ್ಕೆ ಹೊಂದುವುದಿಲ್ಲ. ಕೊನೆಯ 2 ಅಥವಾ 4 ಅಂಕಿ ಸೊನ್ನೆಯಾದರೆ ಗುಂಪು ಎಂದರ್ಥ, ಸಿಪಿಎಫ್9800 ಎಂದರೆ 98ರಿಂದ ಶುರುವಾಗುವ ಎಲ್ಲವೂ. ಒಂದು ಕಮಾಂಡ್ ಯಾವ ಯಾವ ಎಸ್ಕೇಪ್ ಕೊಡಬಲ್ಲದು ಎಂದು ತಿಳಿಯಲು ಇಂಟರ್ನೆಟ್ ಬೇಡ. ಕಮಾಂಡ್ ಪ್ರಾಂಪ್ಟ್ ಮಾಡಿ, ಮೇಲಿನ ಸಾಲಿನಲ್ಲಿ ಕರ್ಸರ್ ಇಟ್ಟು ಎಫ್1 ಒತ್ತಿ, ಸಹಾಯದ ಪಠ್ಯದ ಕೊನೆಗೆ ಹೋಗಿ. ಎರರ್ ಮೆಸೇಜುಗಳ ಪಟ್ಟಿ ಅಲ್ಲೇ ಇದೆ.

ಹಿಡಿದ ಮೇಲೆ ನುಂಗಬೇಡಿ. ಆರ್‌ಸಿವಿ-ಎಂಎಸ್‌ಜಿ ಕೊಟ್ಟು ಟೈಪ್ *ಎಕ್ಸ್‌ಸಿಪಿ ಮಾಡಿ, ಮೆಸೇಜ್ ಐಡಿ 7 ಅಕ್ಷರದ ವೇರಿಯಬಲ್ಲಿಗೆ, ಮೆಸೇಜ್ ಫೈಲ್ ಹೆಸರು 10 ಅಕ್ಷರಕ್ಕೆ, ಲೈಬ್ರರಿ 10 ಅಕ್ಷರಕ್ಕೆ, ಮೆಸೇಜ್ ಡೇಟಾವನ್ನು ದೊಡ್ಡ ವೇರಿಯಬಲ್ಲಿಗೆ ತೆಗೆದುಕೊಳ್ಳಿ. ಅದನ್ನೇ ಎಸ್‌ಎನ್‌ಡಿ-ಪಿಜಿಎಂ-ಎಂಎಸ್‌ಜಿ ಮೂಲಕ *ಎಸ್ಕೇಪ್ ಆಗಿ ಮೇಲಕ್ಕೆ ಕಳಿಸಿ. ಹೀಗೆ ಮಾಡಿದರೆ ಮೇಲಿನವರಿಗೆ ಸಿಪಿಎಫ್9999 ಬದಲು ಮೂಲ ಐಡಿಯೇ ತಲುಪುತ್ತದೆ, ಯಾವ ಫೈಲಿನಲ್ಲಿ ಹುಡುಕಬೇಕು ಎಂಬುದೂ ಜೊತೆಗೇ ಬರುತ್ತದೆ.

ಜಾಬ್‌ಲಾಗೇ ಸಿಗಲಿಲ್ಲ ಎನ್ನುವ ದೂರಿಗೂ ಇದೇ ಮೂಲ. ಜಾಬ್ ಡಿಸ್ಕ್ರಿಪ್ಷನ್ನಿನಲ್ಲಿ ಲಾಗ್(4 0 *ನೋಲಿಸ್ಟ್) ಇದ್ದರೆ ಜಾಬ್ ಕೆಟ್ಟು ಮುಗಿದಾಗ ಮಾತ್ರ ಲಾಗ್ ಪ್ರಿಂಟ್ ಆಗುತ್ತದೆ. ಸಿಎಲ್ ತಪ್ಪನ್ನೆಲ್ಲ ನುಂಗಿ ಸುಮ್ಮನಿದ್ದರೆ ಸಿಸ್ಟಮ್ಮಿನ ಲೆಕ್ಕದಲ್ಲಿ ಜಾಬ್ ಸುಸೂತ್ರ ಮುಗಿದಂತೆ, ಲಾಗ್ ಇಲ್ಲ. ಮುಖ್ಯವಾದ ಬ್ಯಾಚುಗಳಿಗೆ ಲಾಗ್(4 0 *ಸೆಕ್‌ಎಲ್‌ವಿಎಲ್), ಲಾಗ್‌ಸಿಎಲ್‌ಪಿಜಿಎಂ(*ಯೆಸ್) ಇಡಿ.

---

ಲಿಬ್ಲ್_ತಲೆಕೆಳಗು ಉತ್ತರ:

ಇಲ್ಲಿ ಕೆಲಸ ಮಾಡುವ ಹಲವರು ಜಪಾನ್, ಜರ್ಮನಿ ಕಡೆಯ ಮೆಷಿನ್ ನೋಡಿಕೊಳ್ಳುತ್ತಾರೆ, ಅವರಿಗೆ ಒಂದು ಮಾತು. ಸಿಸ್ಟಮ್ಮಿನ ಮೊದಲ ಭಾಷೆ ಜರ್ಮನ್ ಆಗಿದ್ದರೆ ಮೆಸೇಜೂ ಜರ್ಮನ್. ಐಡಿ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ. ಆದ್ದರಿಂದ ಟಿಕೆಟಿನಲ್ಲಿ ಐಡಿ ಬರೆಯಿರಿ, ಮಾತನ್ನು ಅನುವಾದಿಸಿ ಬರೆಯಬೇಡಿ. ಮೆಷಿನ್ನಿನಲ್ಲಿ ಇಂಗ್ಲಿಷ್ ಎರಡನೇ ಭಾಷೆಯಾಗಿ ಹಾಕಿದ್ದರೆ ಕ್ಯೂಸಿಸ್2924 ಎಂಬ ಲೈಬ್ರರಿ ಇರುತ್ತದೆ. ಸಿಎಚ್‌ಜಿ-ಸಿಸ್‌ಲಿಬ್ಲ್ ಕೊಟ್ಟು ಅದನ್ನು ಕ್ಯೂಸಿಸ್‌ಗಿಂತ ಮೇಲೆ ತನ್ನಿ, ಆ ಸೆಷನ್ನಿಗೆ ಮೆಸೇಜ್ ಇಂಗ್ಲಿಷಿನಲ್ಲಿ ಬರುತ್ತದೆ. ಎಡಿಡಿ-ಎಲ್‌ಐಬಿ-ಎಲ್‌ಇ ಸಾಲದು, ಅದು ಬಳಕೆದಾರರ ಭಾಗಕ್ಕಷ್ಟೇ ಸೇರಿಸುತ್ತದೆ, ಕ್ಯೂಸಿಸ್ ಅದಕ್ಕಿಂತ ಮೊದಲೇ ಸಿಕ್ಕಿಬಿಡುತ್ತದೆ. ಸಿಎಚ್‌ಜಿ-ಸಿಸ್‌ಲಿಬ್ಲ್ ಎಲ್ಲರಿಗೂ ಅನುಮತಿ ಇರುವ ಕಮಾಂಡಲ್ಲ, ಅಡ್ಮಿನ್ನನ್ನು ಕೇಳಬೇಕಾಗಬಹುದು.

ಎಂಸಿಎಚ್3401 ಕಂಡಾಗ ಅದರ ಟೈಪ್, ಸಬ್‌ಟೈಪ್ ಹೆಕ್ಸ್ ಓದುವುದನ್ನು ಬಿಡಬೇಡಿ. 0201 ಪ್ರೋಗ್ರಾಂ, 0203 ಸರ್ವಿಸ್ ಪ್ರೋಗ್ರಾಂ, 0401 ಲೈಬ್ರರಿ, 1901 ಫೈಲ್. "ಆಬ್ಜೆಕ್ಟ್ ಸಿಗಲಿಲ್ಲ" ಎಂದಾಗ ಜನ ಪ್ರೋಗ್ರಾಂ ಹುಡುಕುತ್ತಿರುತ್ತಾರೆ, ಕಾಣೆಯಾದದ್ದು ಸರ್ವಿಸ್ ಪ್ರೋಗ್ರಾಂ ಆಗಿರುತ್ತದೆ.

---

ನಡುರಾತ್ರಿ_ಬ್ಯಾಚ್:

ಸಿಕ್ಕಿತು. 4 ಲಕ್ಷದಲ್ಲಿ 212 ರೆಕಾರ್ಡುಗಳಲ್ಲಿ 40404040. ಎಲ್ಲವೂ ಒಂದೇ ದಿನಾಂಕದವು. ಇವಕ್ಕೆ ಸೊನ್ನೆ ಹಾಕಿ ಓಡಿಸಿಬಿಡಲಾ? ನಮ್ಮಲ್ಲಿ ಒಬ್ಬರು ಕಂಪೈಲಿನಲ್ಲೇ ಫಿಕ್ಸ್‌ಎನ್‌ಬಿಆರ್ ಹಾಕಿದರೆ ಇದೆಲ್ಲ ಬೇಡ ಎನ್ನುತ್ತಿದ್ದಾರೆ.

---

ಲೆವೆಲ್_ಚೆಕ್ ಉತ್ತರ:

ಫಿಕ್ಸ್‌ಎನ್‌ಬಿಆರ್(*ಇನ್‌ಪುಟ್‌ಪ್ಯಾಕ್ಡ್) ಹಾಕಿದರೆ ಕೆಟ್ಟ ಪ್ಯಾಕ್ಡ್ ಬೆಲೆ ಓದುವಾಗ ಸೊನ್ನೆಯಾಗುತ್ತದೆ, ಎಂಸಿಎಚ್1202 ಬರುವುದಿಲ್ಲ. ಆದರೆ ಆ ಫೈಲ್ ಓದುವ ಇನ್ನೊಂದು ಪ್ರೋಗ್ರಾಂ ನಾಳೆ ಬೀಳುತ್ತದೆ. ಅದಕ್ಕಿಂತ ಕೆಟ್ಟದ್ದು, 212 ಮೊತ್ತಗಳು ಸೊನ್ನೆ ಎಂದು ಲೆಕ್ಕಕ್ಕೆ ಸೇರಿಹೋಗುತ್ತವೆ, ಯಾರಿಗೂ ಮೆಸೇಜ್ ಹೋಗುವುದಿಲ್ಲ. ಮೊತ್ತದ ಫೀಲ್ಡಿಗೆ ನಾನು ಅದನ್ನು ಹಾಕುವುದಿಲ್ಲ.

ಎಲ್ಲ ಒಂದೇ ದಿನಾಂಕ ಎಂದರೆ ಆ ದಿನ ಬರೆದವರು ಯಾರು ಎಂದು ನೋಡಿ. ಸಾಮಾನ್ಯವಾಗಿ ಇಬ್ಬರಲ್ಲಿ ಒಬ್ಬರು. ಒಂದು, ಸಿಪಿವೈ-ಎಫ್ ಕಮಾಂಡಿನಲ್ಲಿ ಎಫ್‌ಎಂಟಿಒಪಿಟಿ(*ನೋಚೆಕ್). ಅದು ಫೀಲ್ಡ್ ಗೀಲ್ಡ್ ನೋಡದೆ ಎಡದಿಂದ ಬಲಕ್ಕೆ ಬೈಟುಗಳನ್ನು ಸುರಿಯುತ್ತದೆ, ಕಳಿಸುವ ಫೈಲಿನ ಅಳತೆ ಬದಲಾಗಿದ್ದರೆ ಸಂಖ್ಯೆಯ ಜಾಗಕ್ಕೆ ಅಕ್ಷರ ಬಂದು ಕೂರುತ್ತದೆ. ಇನ್ನೊಂದು, ಆರ್‌ಪಿಜಿಯಲ್ಲಿ ಐಎನ್‌ಝಡ್ (ಆರಂಭದ ಬೆಲೆ ಹಾಕುವ ಪದ) ಇಲ್ಲದ ಡೇಟಾ ಸ್ಟ್ರಕ್ಚರ್. ಡೇಟಾ ಸ್ಟ್ರಕ್ಚರ್ ಶುರುವಿನಲ್ಲಿ ಪೂರ್ತಿ ಖಾಲಿಜಾಗದಿಂದ ತುಂಬಿರುತ್ತದೆ, ಒಳಗಿನ ಸಬ್‌ಫೀಲ್ಡ್ ಸಂಖ್ಯೆಯಾದರೂ ಅಷ್ಟೇ. ಬೆಲೆ ಹಾಕದೆ ಅದರಿಂದ ರೈಟ್ ಮಾಡಿದರೆ ಸರಿಯಾಗಿ 40404040 ಬರುತ್ತದೆ. ನಿಮ್ಮ 212ರಲ್ಲೂ ಒಂದೇ ಮಾದರಿ ಇರುವುದರಿಂದ ನಾನು ಮೊದಲು ಎರಡನೆಯದನ್ನೇ ಅನುಮಾನಿಸುತ್ತೇನೆ. *ನೋಚೆಕ್ ಆಗಿದ್ದರೆ ಒಂದೊಂದು ರೆಕಾರ್ಡಿನಲ್ಲಿ ಒಂದೊಂದು ಕಸ ಇರುತ್ತಿತ್ತು.

ಸೊನ್ನೆ ಹಾಕುವ ಮುನ್ನ ಆ 212ನ್ನು ಬೇರೆ ಫೈಲಿಗೆ ನಕಲು ಮಾಡಿ, ಸರಿಯಾದ ಮೊತ್ತ ಎಷ್ಟೆಂದು ಆ ಫೈಲಿನ ಹೊಣೆ ಇರುವ ವಿಭಾಗವನ್ನು ಕೇಳಿ. ಅಪ್‌ಡೇಟಿನ ವೇರ್‌ನಲ್ಲಿ ಫೀಲ್ಡನ್ನು ಹೆಕ್ಸ್ ಫಂಕ್ಷನ್ನಿನೊಳಗೇ ಇಡಿ. ಹಾಗೇ ಆರ್‌ಪಿಜಿಯ ಪ್ರೋಗ್ರಾಂ ಸ್ಟೇಟಸ್ ಡೇಟಾ ಸ್ಟ್ರಕ್ಚರಿನಲ್ಲಿ 40ರಿಂದ 46ನೇ ಸ್ಥಾನ ಮೆಸೇಜ್ ಐಡಿ, 91ರಿಂದ 170 ಮೆಸೇಜಿನ ಮಾತು, 21ರಿಂದ 28 ಸ್ಟೇಟ್‌ಮೆಂಟ್ ಸಂಖ್ಯೆ. *ಪಿಎಸ್‌ಎಸ್‌ಆರ್ (ತಪ್ಪು ಬಂದಾಗ ಓಡುವ ಆರ್‌ಪಿಜಿ ಸಬ್‌ರೂಟೀನ್) ಬರೆದು ಈ ಮೂರನ್ನೂ ರೆಕಾರ್ಡಿನ ಕೀ ಜೊತೆ ಒಂದು ಲಾಗ್ ಫೈಲಿಗೆ ಬರೆಸಿಟ್ಟರೆ ಆಪರೇಟರ್ ಯಾವ ಅಕ್ಷರ ಒತ್ತಿದರೂ ತಪ್ಪಿನ ವಿವರ ಕಳೆದುಹೋಗುವುದಿಲ್ಲ.